ಗೆರೆಗೆ ಬಾರದ ಚುಕ್ಕಿಗಳು

ಸಾತನೂರು, ಹೊರಡುವ ಮುಂಚೆ

ಸಾತನೂರಿನಿಂದ ಡೆನ್ಮಾರ್ಕಿಗೆ ಹೋಗಿ ಎಂಟು ದಿನ ಇದ್ದು ಬಂದೆ. ಬಂದಾಗಿನಿಂದ ಡೈರಿಗೆ ಹಾಲು ತರುವ ಹೆಂಗಸರು ಕೇಳುವುದು ಒಂದೇ ಮಾತು: "ಅಕ್ಕ, ಅಲ್ಲಿ ಬಲೇ ಚಳಿಯಂತಲ್ಲ, ಹೆಂಗ್ ತಡ್ಕಂಡೆ?" ಚಳಿ ಇತ್ತು. ಆದರೆ ಎರಡನೇ ದಿನ ಬಂದ ಕೋಪ ವಾಪಸು ವಿಮಾನ ಹತ್ತುವವರೆಗೂ ಇಳಿಯಲಿಲ್ಲ. ಸ್ವೆಟರಿನ ಕೆಲಸ ಅರ್ಧ ಅದೇ ಮಾಡಿತು. ಈಗಲೂ ಪೂರ್ತಿ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಹೋಗಿದ್ದು ಊರು ನೋಡಲು ಅಲ್ಲ, ನಮ್ಮ ಯಜಮಾನರ ಕಾಯಿಲೆಯ ಸಲುವಾಗಿ. ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಕನಕಪುರದ ರಸ್ತೆಯ ತಿರುವುಗಳೆಲ್ಲ ಅವರ ಅಂಗೈಯಲ್ಲಿದ್ದವು. ಆರು ವರ್ಷದ ಹಿಂದೆ ಆ ಕೈ ನಡುಗಲು ಶುರುವಾಯಿತು. ಪಾರ್ಕಿನ್ಸನ್ ಎಂದರು. ಕೈ ನಡುಕ ಹೇಗೋ ತಡೆಯಬಹುದು, ಕಾಲಿನ ಕಾಟವೇ ದೊಡ್ಡದು. ಬೆಳಗ್ಗೆ ನಡುಮನೆಯಿಂದ ಜಗಲಿಗೆ ಬರಬೇಕಾದರೆ ಹೊಸ್ತಿಲ ಹತ್ತಿರ ಎರಡು ಕಾಲೂ ನೆಲಕ್ಕೆ ಕಚ್ಚಿಕೊಂಡುಬಿಡುತ್ತವೆ. ಮೇಲಿನ ಮೈ ಮುಂದಕ್ಕೆ ಬಾಗುತ್ತದೆ, ಪಾದ ಏಳುವುದಿಲ್ಲ. ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಿರುತ್ತಾರೆ.

"ಸೆಲ್ಫ್ ಹೊಡೀತಾ ಇಲ್ಲ ಕಣೇ, ಒಸಿ ತಳ್ಳು" ಎನ್ನುತ್ತಿದ್ದರು. ಮೊದಮೊದಲು ಇಬ್ಬರೂ ನಗುತ್ತಿದ್ದೆವು. ಆಮೇಲೆ ಅವರೊಬ್ಬರೇ ನಗುತ್ತಿದ್ದರು. ಆಮೇಲೆ ಅವರೂ ಬಿಟ್ಟರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಮೂರು ತಿಂಗಳಿಗೊಮ್ಮೆ ಹೋಗುತ್ತೇವೆ. ಡಾಕ್ಟರು ಬರೆಯುತ್ತಲೇ ಕೇಳುತ್ತಾರೆ, "ಬೆಳಗ್ಗೆ ಹೇಗಿದ್ದಾರೆ?" ಸರಿಯಿಲ್ಲ ಎಂದರೆ ಅರ್ಧ ಮಾತ್ರೆ ಜಾಸ್ತಿ. ಮುಂದಿನ ಸಲವೂ ಸರಿಯಿಲ್ಲ ಎಂದರೆ ಇನ್ನರ್ಧ. ಬೆಳಗಿನ ಹೊತ್ತು ಮಾತ್ರ ಹಾಗೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಗಾಳಿಗೆ ಸಿಕ್ಕ ಕಬ್ಬಿನ ಗರಿಯಂತೆ ತೂಗಾಡುವುದು ಹೊಸದಾಗಿ ಸೇರಿಕೊಂಡಿತು.

ನಾನು ನಮ್ಮೂರ ಹೆಂಗಸರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಗಡಿಯಾರ ನೋಡಿ ಬರೆದಿಡುವುದು ಕೈಗೆ ಅಂಟಿದ ಅಭ್ಯಾಸ. ಇನ್ನೂರು ಪುಟದ ಶಾಲೆ ನೋಟ್‌ಬುಕ್ಕಿನಲ್ಲಿ ಯಜಮಾನರದನ್ನೂ ಬರೆಯುತ್ತಿದ್ದೆ. ಏಳೂವರೆಗೆ ಮಾತ್ರೆ. ಹತ್ತೂಕಾಲಿಗೆ ಕಾಲು ನೆಲ ಬಿಟ್ಟಿತು. ಹನ್ನೆರಡಕ್ಕೆ ಮಧ್ಯಾಹ್ನದ ಮಾತ್ರೆ. ಎರಡಕ್ಕೆ ತೂಗಾಟ. ಒಂದು ದಿನವೂ ಬಿಟ್ಟಿಲ್ಲ, ಅಕ್ಕನ ಮಗಳ ಮದುವೆಯ ದಿನವೂ ಛತ್ರದ ಮೆಟ್ಟಿಲ ಮೇಲೆ ಕೂತು ಬರೆದಿದ್ದೇನೆ.

ಆ ಅಕ್ಕನ ಇನ್ನೊಬ್ಬ ಮಗಳು ಸುಷ್ಮಾ. ಕನಕಪುರದವಳು, ಬೆಂಗಳೂರಿನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಏನು ಓದುತ್ತೀಯೇ ಎಂದು ಕೇಳಿದರೆ ಒಲೆ ಮುಂದೆ ಕೂತು ಹೇಳಿದಳು:

"ಚಿಕ್ಕವ್ವ, ಕಂಪ್ಯೂಟರ್ ಒಳಗೆ ಒಬ್ಬ ಮನುಷ್ಯನ್ನ ಮಾಡ್ತೀವಿ. ಹೊಟ್ಟೆ, ಕರುಳು, ರಕ್ತ, ಮಿದುಳು ಎಲ್ಲಾನೂ ಬರೀ ಲೆಕ್ಕದಲ್ಲಿ. ಅವನಿಗೆ ಮಾತ್ರೆ ನುಂಗ್ಸಿ, ಔಷಧಿ ಎಷ್ಟೊತ್ತಿಗೆ ಎಲ್ಲಿಗೆ ಹೋಯ್ತದೆ, ಅಲ್ಲೇನ್ ಮಾಡ್ತದೆ ಅಂತ ನೋಡ್ತೀವಿ."

"ಅವನಿಗೆ ಹಸಿವಾಯ್ತದಾ?"

"ಅದೂ ಲೆಕ್ಕದಲ್ಲೈತೆ ಕಣವ್ವ."

ಅವಳ ಕಾಲೇಜೂ ಡೆನ್ಮಾರ್ಕಿನ ಒಂದು ಪ್ರಯೋಗಾಲಯವೂ ಸೇರಿ ಈ ಕಾಯಿಲೆಯ ಮಾತ್ರೆಯ ಲೆಕ್ಕ ಹಾಕುತ್ತಿದ್ದವು. ಕಂಪ್ಯೂಟರಿನ ಮನುಷ್ಯ ಹೇಳುವುದು ನಿಜವೋ ಸುಳ್ಳೋ ತಾಳೆ ನೋಡಲು ಮನೆಮನೆಗಳ ನೋಟ್‌ಬುಕ್ಕು ಬೇಕಿತ್ತು. ಸುಷ್ಮಾ ನನ್ನ ಪುಟಗಳ ಫೋಟೋ ಹೊಡೆದುಕೊಂಡಳು, ಒಂದು ಫಾರಂ ತುಂಬಿಸಿಕೊಂಡಳು. ಮಾತ್ರೆ ಕೊಡುವುದು ಊಟಕ್ಕೆ ಮುಂಚೆಯೋ, ಊಟದ ಜೊತೆಯೋ, ಊಟವಾದ ಮೇಲೋ ಎಂದು ಮೂರು ಚೌಕ ಇದ್ದವು. ನಾನು ನಡುವಿನ ಚೌಕಕ್ಕೆ ಗುರುತು ಹಾಕಿದೆ. ನಮ್ಮ ಮನೆಗೆ ಏಳನೇ ನಂಬರು ಕೊಟ್ಟರು.

ಬಿಡದೆ ಅತಿ ಹೆಚ್ಚು ದಿನ ಬರೆದ ಮನೆಯವರನ್ನು ಅಲ್ಲಿನ ಸಭೆಗೆ ಕರೆಸಿಕೊಳ್ಳುತ್ತಾರಂತೆ. ಇಲ್ಲಿಂದ ನಾನು, ಜೊತೆಗೆ ಸುಷ್ಮಾ. ಯಜಮಾನರನ್ನು ನೋಡಿಕೊಳ್ಳಲು ಹೊಂಗನೂರಿನಿಂದ ನಾದಿನಿ ರತ್ನ ಬಂದಳು. ಹೊರಡುವಾಗ ಯಜಮಾನರು ಚೌಕಟ್ಟು ಹಿಡಿದುಕೊಂಡೇ, "ಡೀಸೆಲ್ ಫುಲ್ ಹಾಕ್ಸವ್ರಾ ಅಂತ ಕೇಳ್ಕಂಡು ಹತ್ತು. ಮೇಲೆ ಬಂಕ್ ಇರಕಿಲ್ಲ" ಎಂದರು.

ಇಳಿದ ಕೂಡಲೇ

ಹೋದ ಊರಿನ ಹೆಸರು ಬರೆಯಬೇಡ ಎಂದಿದ್ದಾಳೆ ಸುಷ್ಮಾ. ಸಮುದ್ರದ ದಂಡೆಯಲ್ಲಿದೆ, ಅಷ್ಟು ಸಾಕು.

ನನ್ನ ಚೀಲದಲ್ಲಿ ಎರಡು ಸೇರು ರಾಗಿ ಹಿಟ್ಟು, ಒಂದು ಡಬ್ಬಿ ಸಾರಿನ ಪುಡಿ ಇತ್ತು. ವಿಮಾನ ನಿಲ್ದಾಣದ ಅಧಿಕಾರಿ ಹಿಟ್ಟಿನ ಕವರನ್ನು ಬೆಳಕಿಗೆ ಹಿಡಿದ, ಹಿಸುಕಿದ, ಮೂಸಿದ. ಬೂದು ಬಣ್ಣದ ಪುಡಿಯನ್ನು ಯಾರಾದರೂ ತಿನ್ನುತ್ತಾರೆಂದರೆ ಅವನಿಗೆ ನಂಬಿಕೆಯಿಲ್ಲ. ಸುಷ್ಮಾ ಇಂಗ್ಲಿಷಿನಲ್ಲಿ ಧಾನ್ಯದ ಹೆಸರು ಹೇಳಿದಳು, ಅವನು ಕಂಪ್ಯೂಟರಿನಲ್ಲಿ ಹುಡುಕಿದ. ಅಷ್ಟರಲ್ಲಿ ಒಂದು ನಾಯಿಯನ್ನು ಕರೆತಂದರು. ಅದು ಸಾರಿನ ಪುಡಿಯ ಡಬ್ಬಿಗೆ ಮೂತಿ ಇಟ್ಟು ಮೂರು ಸಲ ಸೀನಿತು. ಅಧಿಕಾರಿ ನಕ್ಕು ಬಿಟ್ಟುಬಿಟ್ಟ. ಔಷಧಿ ಸಭೆಗೆ ಬಂದವಳನ್ನು ಕಳ್ಳ ಪುಡಿ ತಂದವಳಂತೆ ನಿಲ್ಲಿಸಿದ್ದು ನನಗೆ ನಗು ಬರುವಂಥದ್ದಲ್ಲ. ಸೀನಿದ ನಾಯಿಗೆ ಒಬ್ಬರೂ ನೀರು ಕೊಡಲಿಲ್ಲ, ಅದೂ ಸರಿಕಾಣಲಿಲ್ಲ.

ಮೊದಲ ದಿನ, ಕಿರ್ಸ್ಟೆನ್ ಮನೆ

ನಮ್ಮನ್ನು ಇಳಿಸಿದ್ದು ಹೋಟೆಲಿನಲ್ಲಿ ಅಲ್ಲ, ಕಿರ್ಸ್ಟೆನ್ ಎಂಬಾಕೆಯ ಮನೆಯಲ್ಲಿ. ಅವರ ದೇಶದಲ್ಲಿ ಬಿಡದೆ ಬರೆದ ಮನೆ ಅವಳದ್ದು. ಅವಳ ಗಂಡ ಓಲೆಗೂ ಇದೇ ಕಾಯಿಲೆ. ನಾನು ಪಿಯುಸಿವರೆಗೆ ಓದಿದವಳು. ನಿಧಾನವಾಗಿ ಹೇಳಿದರೆ ಇಂಗ್ಲಿಷ್ ತಿಳಿಯುತ್ತದೆ, ಮುರಿದು ಮುರಿದು ಆಡಲೂ ಬರುತ್ತದೆ. ಅವಳದೂ ಅಷ್ಟೇ ಮುರುಕು ಇಂಗ್ಲಿಷ್, ಆದ್ದರಿಂದ ಚೆನ್ನಾಗಿ ಹೊಂದಿಕೊಂಡೆವು.

ಆ ಜನರ ರೀತಿಯೇ ಬೇರೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಒಂದು ಗಾಡಿ ಇಲ್ಲ, ಆದರೂ ಕೆಂಪು ದೀಪ ಇದ್ದರೆ ಎಲ್ಲರೂ ಮೂರ್ತಿಗಳಂತೆ ನಿಂತಿರುತ್ತಾರೆ. ನಾನು ದಾಟಲು ಹೋದರೆ ಒಬ್ಬ ಮುದುಕಿ ಕೆಮ್ಮಿದಳು. ಬರೀ ಕೆಮ್ಮು, ಆದರೆ ಅದರಲ್ಲಿ ಬೈಗುಳ ತುಂಬಿತ್ತು. ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಹಸುಗೂಸು ಒಂದೇ ಮಲಗಿತ್ತು, ತಾಯಿ ಒಳಗೆ ಕಾಫಿ ಕುಡಿಯುತ್ತಿದ್ದಳು. ಆ ಚಳಿಯಲ್ಲಿ! ನಾನು ಕಾಯುತ್ತಾ ನಿಂತೆ. ಸುಷ್ಮಾ ಕೈಹಿಡಿದು ಎಳೆದಳು. "ಚಿಕ್ಕವ್ವ, ಇಲ್ಲಿ ಹಂಗೇಯ. ನೀನು ಹಿಂಗೆ ನಿಂತಿದ್ರೆ ನಿನ್ನೇ ಮಕ್ಳ ಕಳ್ಳಿ ಅಂತಾರೆ."

ಬೆಳಗ್ಗೆ ಕಿರ್ಸ್ಟೆನ್ ಓಲೆಗೆ ಒಂದು ಲೋಟ ನೀರು, ಮಾತ್ರೆ ಕೊಟ್ಟಳು. ಓಲೆ ಗದ್ದ ತಗ್ಗಿಸಿ ನುಂಗಿದ. ಅವಳು ಒಲೆಯ ಮೇಲಿದ್ದ ಅಲಾರಂ ಗಂಟೆ ತಿರುಗಿಸಿಟ್ಟಳು. ಅದು ಅರ್ಧ ಗಂಟೆ ಬಿಟ್ಟು ಹೊಡೆದ ಮೇಲೆಯೇ ಅವನ ಮುಂದೆ ಕರೀ ಬ್ರೆಡ್ಡು. ನೋಡಲು ತಣ್ಣಗಾದ ಮುದ್ದೆಯ ಹೋಳಿನ ಹಾಗೆ, ಬಾಯಿಗೆ ಹೊಟ್ಟಿನ ಹಾಗೆ. ಒಂದೊಂದು ತುತ್ತನ್ನೂ ಎಣಿಸಿದಂತೆ ಅಗಿಯುತ್ತಾರೆ. ಖಾಲಿ ಹೊಟ್ಟೆಗೆ ಮಾತ್ರೆ ಕೊಟ್ಟಳಲ್ಲ, ಕರುಳು ಸುಡುವುದಿಲ್ಲವೇ, ಎಷ್ಟು ಉಷ್ಣ, ಎಂದುಕೊಂಡೆ. ಅವರವರ ಮನೆಯ ಪದ್ಧತಿ ಎಂದು ಸುಮ್ಮನಾದೆ. ಆಗ ಬಾಯಿಬಿಟ್ಟು ಕೇಳಿದ್ದರೆ ನನ್ನ ಕೋಪ ಒಂದು ದಿನ ಮುಂಚೆಯೇ ಬೇರೆ ದಾರಿ ಹಿಡಿಯುತ್ತಿತ್ತು.

ಎರಡನೇ ದಿನ, ಪರದೆ

ಪ್ರಯೋಗಾಲಯ ಎಂದರೆ ಗಾಜಿನ ಬಾಟಲಿ, ಹೊಗೆ, ವಾಸನೆ ಇರುತ್ತದೆ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಮೇಜು, ಕುರ್ಚಿ, ಕಂಪ್ಯೂಟರು, ಕಾಫಿ. ಮುಖ್ಯಸ್ಥನ ಹೆಸರು ಹೆನ್ರಿಕ್. ನನ್ನ ಮಗನ ವಯಸ್ಸಿಗಿಂತ ಸ್ವಲ್ಪ ಹೆಚ್ಚಿರಬಹುದು. ನನ್ನನ್ನು ಶಿವಮ್ಮ ಎನ್ನಲು ಬಾರದೆ "ಶಿವಾಮಾ" ಎಂದು ಕರೆಯುತ್ತಿದ್ದ. ಒಳ್ಳೆಯವನೇ. ಒಳ್ಳೆಯವರ ಮೇಲೆ ಬರುವ ಕೋಪ ಇನ್ನೂ ಹೆಚ್ಚು ಸುಡುತ್ತದೆ.

ಮೊದಲು ಗೋಡೆಯಗಲದ ಪರದೆಯ ಮೇಲೆ ಕರುಳಿನ ಗೋಡೆ ತೋರಿಸಿದ. ಅದರಲ್ಲೊಂದು ಸಣ್ಣ ಬಾಗಿಲು, ಬಣ್ಣದ ಗೋಲಿಗಳನ್ನು ಪೋಣಿಸಿದಂತೆ, ಉಸಿರಾಡುವ ಹಾಗೆ ತೆರೆದು ಮುಚ್ಚುತ್ತಿತ್ತು. ಔಷಧಿಯ ಒಂದು ಕಣ ತೇಲಿ ಬಂದು, ಹೊರಳಿ, ಬೆನ್ನು ತಿರುಗಿಸಿ, ಸರಿಯಾದ ಮಗ್ಗುಲು ಸಿಕ್ಕಿದ ಮೇಲೆ ಒಳಗೆ ನುಸುಳಿತು. ಕಣ್ಣಿಗೆ ಕಾಣದ ಅಷ್ಟು ಸಣ್ಣ ಕೆಲಸವನ್ನು ಲೆಕ್ಕ ಹಾಕಲು ಎಷ್ಟೋ ಕಂಪ್ಯೂಟರುಗಳು ದಿನಗಟ್ಟಲೆ ಓಡಿದವಂತೆ. ಕಾಳು, ಹಾಲು, ಮಾಂಸ ಜೀರ್ಣವಾಗಿ ಬರುವ ತುಣುಕುಗಳಿಗೂ ಅದೇ ಬಾಗಿಲು.

"ಕನಕಪುರದ ಬಸ್ಸಿನ ಬಾಗ್ಲು ಇದ್ದಂಗೆ" ಎಂದೆ ಸುಷ್ಮಾಗೆ. "ಸಂತೆ ದಿನ ಹುರುಳಿ ಮೂಟೆಯೋರೆಲ್ಲ ನುಗ್ಬುಟ್ರೆ, ಆಸ್ಪತ್ರೆಗೆ ಹೋಗೋ ರೋಗಿ ಕೆಳಗೇ ನಿಂತಿರ್ತಾನೆ."

ಸುಷ್ಮಾ ಅದನ್ನು ಹೇಳಿದಾಗ ಹೆನ್ರಿಕ್ ಹಿಗ್ಗಿ ಬರೆದುಕೊಂಡ. ನನಗೂ ಹೆಮ್ಮೆಯಾಯಿತು. ಆ ಹೆಮ್ಮೆ ಹತ್ತು ನಿಮಿಷ ಬಾಳಲಿಲ್ಲ.

ಮುಂದೆ ತೋರಿಸಿದ್ದು ಲೆಕ್ಕದ ಮನುಷ್ಯನನ್ನು. ಡಬ್ಬಿಗಳ ಸಾಲು: ಹೊಟ್ಟೆ, ಕರುಳು, ರಕ್ತ, ಮಿದುಳು. ಅವನು ಮಾತ್ರೆ ನುಂಗಿದ ಮೇಲೆ ಯಾವ ಹೊತ್ತಿಗೆ ಔಷಧಿ ಮಿದುಳು ಮುಟ್ಟುತ್ತದೆ ಎಂದು ಒಂದು ಗೆರೆ ಬೆಟ್ಟದಂತೆ ಏರಿ ಇಳಿಯುತ್ತಿತ್ತು. ಮನೆಗಳಲ್ಲಿ ಬರೆದ ಹೊತ್ತುಗಳು ಗೆರೆಯ ಮೇಲೆ ಚುಕ್ಕಿಗಳಾಗಿ ಕೂತಿದ್ದವು. ಕಿರ್ಸ್ಟೆನ್‌ಳ ಚುಕ್ಕಿಗಳು ಗೆರೆಗೆ ಅಂಟಿಕೊಂಡಿದ್ದವು. ಎಲ್ಲರೂ ಅವಳತ್ತ ನೋಡಿ ನಕ್ಕರು.

ಆಮೇಲೆ ಇನ್ನೊಂದು ಚಿತ್ರ ಬಂತು. ಅದರಲ್ಲಿ ಚುಕ್ಕಿಗಳೆಲ್ಲ ಗೆರೆಯಿಂದ ದೂರ, ಬಲಗಡೆ, ಬೇಲಿಯಾಚೆ ಅಟ್ಟಿದ ಕುರಿಗಳಂತೆ ಗುಂಪಾಗಿದ್ದವು. ಮೇಲೆ ಏಳನೇ ನಂಬರು. ಕೆಳಗೆ ಕೆಂಪಕ್ಷರದಲ್ಲಿ ಏನೋ ಬರೆದಿತ್ತು.

"ಅದೇನೇ ಬರ್ದಿರೋದು?"

"ಏನಿಲ್ಲ ಚಿಕ್ಕವ್ವ. ಆಮೇಲೆ ಹೇಳ್ತೀನಿ."

"ಏಳು ನಮ್ಮನೆ ನಂಬರ್ರಲ್ವಾ? ಈಗ್ಲೇ ಹೇಳು."

ಸುಷ್ಮಾ ಮುಖ ಸಣ್ಣದು ಮಾಡಿಕೊಂಡಳು. "ನಂಬೋ ಹಂಗಿಲ್ಲ, ಲೆಕ್ಕದಿಂದ ತೆಗೆದಿದ್ದೀವಿ ಅಂತ ಬರೆದವ್ರೆ. ಮನೆಯೋರು ಹೊತ್ತನ್ನ ಅಂದಾಜಿನ ಮೇಲೆ ಬರೆದಿರಬೇಕು, ಊಟದ ಜೊತೆ ಕೊಟ್ರೂ ಇಷ್ಟು ತಡ ಆಗಕ್ಕೆ ಸಾಧ್ಯ ಇಲ್ಲ ಅಂತ."

ನನ್ನ ಕಿವಿ ಬಿಸಿಯಾಯಿತು. ಅಂದಾಜು! ಡೈರಿಯಲ್ಲಿ ನಾನು ಬರೆದ ಹಾಲಿನ ಡಿಗ್ರಿಗೆ ಇಡೀ ಊರಿನ ಹೆಂಗಸರು ಎದುರು ಮಾತಾಡಿಲ್ಲ. ಸ್ವಂತ ಓರಗಿತ್ತಿಯ ಹಾಲು ನೀರಾಗಿದ್ದರೆ ನೀರು ಎಂದೇ ಬರೆದವಳು ನಾನು, ಆರು ತಿಂಗಳು ಅವಳು ಮಾತು ಬಿಟ್ಟಿದ್ದಳು. ಬಿಡದೆ ಬರೆದವಳು ಎಂದು ಏಳು ಸಮುದ್ರ ದಾಟಿಸಿ ಕರೆಸಿಕೊಂಡು, ಕೂರಿಸಿ, ಕಾಫಿ ಕೊಟ್ಟು, ಇವಳು ಬರೆದದ್ದು ಸುಳ್ಳು ಎಂದು ಗೋಡೆಯಗಲ ತೋರಿಸುವುದೇ? ಆ ನಂಬರು ಎದುರಿಗೆ ಕೂತ ಹೆಂಗಸಿನದು ಎಂದು ಹೆನ್ರಿಕ್‌ಗೆ ಗೊತ್ತಿರಲಿಲ್ಲವಂತೆ. ಗೊತ್ತಿಲ್ಲದವರ ಮನೆಯಾದರೆ ಹೀಗೆ ಬರೆಯಬಹುದೇ?

ನಮ್ಮಲ್ಲಿ ಬಾಗಿಲ ಮುಂದೆ ರಂಗೋಲಿ ಹಾಕುವಾಗ ಮೊದಲು ಚುಕ್ಕಿ ಇಡುತ್ತೇವೆ. ಆಮೇಲೆ ಚುಕ್ಕಿ ಇರುವ ಕಡೆ ಗೆರೆ ಬಳಸಿಕೊಂಡು ಹೋಗುತ್ತದೆ. ಈ ಜನ ಮೊದಲು ಗೆರೆ ಎಳೆದಿದ್ದರು. ಗೆರೆಗೆ ಸಿಕ್ಕದ ಚುಕ್ಕಿಯನ್ನು ಒರೆಸಿಹಾಕಿದ್ದರು. ಆ ಒಂದೊಂದು ಚುಕ್ಕಿಯೂ ನಮ್ಮ ಯಜಮಾನರು ಚೌಕಟ್ಟು ಹಿಡಿದು ನಿಂತ ಒಂದೊಂದು ಬೆಳಗು. ಒರೆಸಿದ್ದು ಅವರನ್ನೇ.

ಅಷ್ಟು ಮಾತು ಇಂಗ್ಲಿಷಿನಲ್ಲಿ ನನಗೆ ಬರಲಿಲ್ಲ. ಎದ್ದು ಹೊರಗೆ ಬಂದುಬಿಟ್ಟೆ. ಕೆಂಪು ದೀಪವನ್ನೂ ನೋಡದೆ ರಸ್ತೆ ದಾಟಿದೆ. ಯಾರೋ ಕೆಮ್ಮಿದರು. ಕೆಮ್ಮಲಿ.

ಮೂರನೇ ದಿನ, ಸಂಜೆ ಆರು ಗಂಟೆ

ಮಾರನೆಯ ದಿನ ಸಭೆಗೆ ಹೋಗಲಿಲ್ಲ. ಊರಿಗೆ ಫೋನು ಮಾಡಿದೆ. "ಅತ್ಗೆ, ಅಣ್ಣ ಇವತ್ತೂ ಹೊಸ್ಲಲ್ಲೇ ನಿಂತ್ಬುಟ್ಟ" ಎಂದಳು ರತ್ನ. "ನೀನ್ ಹೇಳ್ದಂಗೇ ಕೊಡ್ತಾ ಇವ್ನಿ, ಏಳೂವರೆ ಅಂದ್ರೆ ಏಳೂವರೆ. ಬಿಟ್ಟಾಗ ಹತ್ತೂ ಹತ್ತು." ಹತ್ತೂ ಹತ್ತು. ನನ್ನ ಕೈಯಲ್ಲದೆ ಬೇರೆ ಕೈಯಿಂದಲೂ ಅದೇ ಹೊತ್ತು. ಇದನ್ನೂ ಅಂದಾಜು ಎನ್ನುತ್ತಾರೇನೋ ಎಂದು ಇನ್ನಷ್ಟು ಉರಿಯಿತು.

ಕೋಪ ಬಂದಾಗ ನನಗೆ ಅಡುಗೆ ಮಾಡಬೇಕು. ಆ ಊರಿನಲ್ಲಿ ಆರು ಗಂಟೆಗೇ ರಾತ್ರಿ ಊಟ, ಹೊರಗೆ ಇನ್ನೂ ಹಾಡಹಗಲು. ಇವತ್ತು ನಾನೇ ಮಾಡುತ್ತೇನೆ ಎಂದು ಕಿರ್ಸ್ಟೆನ್‌ಳನ್ನು ಅಡುಗೆಮನೆಯಿಂದ ಎಬ್ಬಿಸಿದೆ. ಮುದ್ದೆ ಕೋಲು ಇಲ್ಲ, ಅವಳ ಲಟ್ಟಣಿಗೆಯನ್ನೇ ಹಿಡಿದು ತೊಳಸಿದೆ. ಪಾತ್ರೆ ಒಲೆಯ ಮೇಲೆ ಜಾರಾಡಿತು. ಸುಷ್ಮಾ ಎರಡು ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದುಕೊಂಡಳು. ಅವಳೊಂದಿಗೆ ನಾನು ಮಾತು ಬಿಟ್ಟಿದ್ದೆ, ಆದರೂ ಹಿಡಿದುಕೊಂಡಳು.

ಮುದ್ದೆ ತಟ್ಟೆಗೆ ಬಂತು. ಕಿರ್ಸ್ಟೆನ್ ಬಾಯಿಗಿಟ್ಟು ಅಗಿಯತೊಡಗಿದಳು. ಹಲ್ಲಿಗೆಲ್ಲ ಮೆತ್ತಿಕೊಂಡು ತುಟಿ ತೆರೆಯಲಾಗದೆ ಕಣ್ಣು ಕಣ್ಣು ಬಿಟ್ಟಳು. ಓಲೆ ಕುರ್ಚಿ ನಡುಗುವಂತೆ ನಕ್ಕ.

"ಅಗಿಯಬಾರದು" ಎಂದೆ. "ನುಂಗಬೇಕು." ಗುಳಿ ಮಾಡಿ, ಸಾರಿನಲ್ಲಿ ಅದ್ದಿ, ನುಂಗಿ ತೋರಿಸಿದೆ.

"ಅಗಿಯದೆ? ಇಷ್ಟು ದೊಡ್ಡದನ್ನೇ?" ಕಿರ್ಸ್ಟೆನ್ ನನ್ನ ಗಂಟಲನ್ನೇ ನೋಡಿದಳು. ಆಮೇಲೆ ತುಂಬ ಸಹಜವಾಗಿ, ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನು ಕೇಳುವ ಹಾಗೆ ಕೇಳಿದಳು: "ಓಲೆಗೆ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗದ್ದ ತಗ್ಗಿಸಿ ನುಂಗುವುದನ್ನು ಕಲಿಸಲು ಎಷ್ಟೋ ದಿನ ಬೇಕಾಯಿತು. ನಿನ್ನ ಗಂಡನಿಗೆ ನೀನು ಹೇಗೆ ಕೊಡುತ್ತೀ?"

"ನಮಗೆ ಆ ತೊಂದರೆಯೇ ಇಲ್ಲ" ಎಂದೆ ಜಂಬದಿಂದ. ನಾಲ್ಕು ವರ್ಷದ ಹಿಂದೆ ಒಂದು ದಿನ ನೀರಿನ ಜೊತೆ ಮಾತ್ರೆ ನೆತ್ತಿಗೇರಿ ಅವರು ಕೆಮ್ಮಿ ಕೆಮ್ಮಿ ನೀಲಿಯಾಗಿದ್ದರು. ಅವತ್ತಿನಿಂದ ನಾನೊಂದು ಉಪಾಯ ಮಾಡಿದ್ದೆ. ವಿಮಾನದಲ್ಲಿ ಕೊಟ್ಟ ಪೆಪ್ಪರ್‌ಮೆಂಟು ಪರ್ಸಿನಲ್ಲಿತ್ತು. ಮುದ್ದೆಯಿಂದ ಒಂದು ತುತ್ತು ಮುರಿದು, ಪೆಪ್ಪರ್‌ಮೆಂಟನ್ನು ನಡುವೆ ಇಟ್ಟು, ಸುತ್ತ ಮುಚ್ಚಿ, ಅಂಗೈಯಲ್ಲಿ ಉರುಟಾಗಿ ಉಂಡೆ ಕಟ್ಟಿ, ತುಪ್ಪವಿಲ್ಲದ್ದಕ್ಕೆ ಬೆಣ್ಣೆ ಸವರಿ ತೋರಿಸಿದೆ. "ಹೀಗೆ. ಮುದ್ದೆ ನುಂಗುವುದು ಅವರಿಗೆ ಹುಟ್ಟಿನಿಂದ ಬಂದದ್ದು. ಮಾತ್ರೆ ಒಳಗಿದೆ ಅಂತ ಗಂಟಲಿಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಉಳಿದ ಮುದ್ದೆ, ಹುರುಳಿಕಾಳಿನ ಸಾರು. ಕರುಳೂ ಸುಡುವುದಿಲ್ಲ."

ಕಿರ್ಸ್ಟೆನ್ ಚಮಚ ಕೆಳಗಿಟ್ಟಳು. ಉಂಡೆಯನ್ನು ತೆಗೆದುಕೊಂಡು ಬೆರಳಲ್ಲಿ ಒತ್ತಿ ನೋಡಿದಳು. ಸುಷ್ಮಾ ಕೂತಲ್ಲಿಂದ ಎದ್ದೇಬಿಟ್ಟಳು.

"ಚಿಕ್ಕವ್ವ, ದಿನಾ ಹಿಂಗೇನಾ ಕೊಡೋದು?"

"ಹೂಂ ಕಣೇ. ಊಟದ ಜೊತೆ ಅಂತ ನೀನೇ ಚೌಕ ಕೊಟ್ಟಿದ್ದೆಯಲ್ಲ."

"ಊಟದ ಜೊತೆ ಅಲ್ಲ ಕಣವ್ವ ಇದು, ಊಟದ ಒಳಗೆ!" ಕಿರ್ಸ್ಟೆನ್ ಕೈಯಿಂದ ಉಂಡೆ ಕಿತ್ತುಕೊಂಡಳು. "ಮಾತ್ರೆ ಕರಗಬೇಕು ಅಂದ್ರೆ ಮೊದ್ಲು ಮುದ್ದೆ ಕರಗಬೇಕು. ಮುದ್ದೆ ಹೊಟ್ಟೇಲಿ ಕೂತ್ಕೊಂಡಿರ್ತದೆ. ಅದು ಬಿಡೋ ಹೊತ್ಗೆ ಹುರುಳಿಕಾಳು ಬಾಗ್ಲಲ್ಲಿ ನುಗ್ಗಿರ್ತದೆ. ಬೆಳಗಿನ ಮಾತ್ರೆ ಹೋಗಿ ಮಧ್ಯಾಹ್ನದ ಮಾತ್ರೆ ಜೊತೆ ಸೇರ್ಕತದೆ. ಅದಕ್ಕೇ ಆ ತೂಗಾಟ." ಅಲ್ಲೇ ಕೂತು ಅತ್ತಳು. "ಮುದ್ದೆ ಉಂಡೇ ಬೆಳೆದೋಳು ನಾನು. ನಂಗೂ ಕೇಳ್ಬೇಕು ಅಂತ ಹೊಳೀಲಿಲ್ವಲ್ಲ."

ನಾನು ಉಂಡೆಯನ್ನೇ ನೋಡುತ್ತಾ ಕೂತೆ. ನಾಲ್ಕು ವರ್ಷ. ಅವರನ್ನು ಹೊಸ್ತಿಲಲ್ಲಿ ನಿಲ್ಲಿಸಿದ್ದು ಕಾಯಿಲೆ ಒಂದೇ ಅಲ್ಲ. ತುಪ್ಪ ಸವರಿ, ನುಣ್ಣಗೆ ಮಾಡಿ, ಪ್ರೀತಿಯಿಂದ ನಿಲ್ಲಿಸಿದವಳು ನಾನು. ಅವತ್ತಿನವರೆಗೆ ಪರರ ಮೇಲಿದ್ದ ಕೋಪ ತಿರುಗಿ ನನ್ನ ಮೇಲೇ ಬಿತ್ತು. ಓಲೆ ತನ್ನ ನಡುಗುವ ಕೈಯನ್ನು ನನ್ನ ಕೈ ಮೇಲಿಟ್ಟ. ಯಾವ ನಡುಕ ಯಾರದು ಎಂದು ತಿಳಿಯುತ್ತಿರಲಿಲ್ಲ.

ನಾಲ್ಕನೇ ದಿನ, ಚಪ್ಪಾಳೆ

ಬೆಳಗ್ಗೆ ಎದ್ದಾಗ ನನ್ನ ಮೇಲಿನ ಕೋಪ ಇತ್ತು, ಆದರೆ ಒಂಟಿಯಾಗಿ ಅಲ್ಲ. ನಾನು ತಪ್ಪು ಮಾಡಿದೆ, ಸರಿ. ಆರು ವರ್ಷ ದೊಡ್ಡಾಸ್ಪತ್ರೆ, ಅಷ್ಟೊಂದು ಚೀಟಿ, ಔಷಧಿ ಅಂಗಡಿ, ಕಂಪ್ಯೂಟರು, ಕರುಳಿನ ಬಾಗಿಲು. ಹೇಗೆ ಕೊಡುತ್ತೀಯಮ್ಮ ಎಂಬ ಎರಡು ಪದದ ಮಾತು ಒಬ್ಬರ ಬಾಯಿಂದಲೂ ಯಾಕೆ ಬರಲಿಲ್ಲ?

ರಾತ್ರಿಯ ಮುದ್ದೆ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಹೋದೆವು. ಸುಷ್ಮಾ ಹೊಟ್ಟೆಯ ಹುಳಿಯಷ್ಟೇ ಹುಳಿ ಇರುವ ಬಿಸಿನೀರನ್ನು ಎರಡು ಗಾಜಿನ ಲೋಟಕ್ಕೆ ಹಾಕಿದಳು. ಒಂದಕ್ಕೆ ಓಲೆಯ ಮಾತ್ರೆ ಬರಿಯಾಗಿ, ಇನ್ನೊಂದಕ್ಕೆ ಅದೇ ಮಾತ್ರೆ ಒಳಗಿಟ್ಟು ನಾನು ಕಟ್ಟಿದ ಉಂಡೆ. ಬರೀ ಮಾತ್ರೆ ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಪುಡಿಯಾಗಿ ಕರಗಿತು. ಉಂಡೆ ಎರಡನೇ ಕಾಫಿಗೂ ಜಗ್ಗಲಿಲ್ಲ. ತಳದಲ್ಲಿ ಕಲ್ಲಿನ ಹಾಗೆ ಕೂತಿತ್ತು. ಹೆನ್ರಿಕ್ ಮೇಜಿಗೆ ಗದ್ದ ಊರಿ ಅದನ್ನೇ ನೋಡುತ್ತಿದ್ದ.

ಆಮೇಲೆ ಸುಷ್ಮಾ ಲೆಕ್ಕದ ಮನುಷ್ಯನಿಗೆ ಮುದ್ದೆ ಉಣ್ಣಿಸಿದಳು. ಅದುವರೆಗೆ ಅವನು ಬ್ರೆಡ್ಡು ಬಿಟ್ಟು ಬೇರೇನೂ ಕಂಡವನಲ್ಲ. ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾವಾಗ ಬಿಡುತ್ತದೆ ಎಂದು ಅಂಕಿ ಬದಲಿಸಿದಳು. ಪರದೆಯ ಮೇಲಿನ ಗೆರೆ ಅಲುಗಿತು. ನಿಧಾನವಾಗಿ ಬಲಕ್ಕೆ ಜರುಗಿತು. ಬಂದು ಬಂದು, ಬೇಲಿಯಾಚೆ ಅಟ್ಟಿದ್ದ ನನ್ನ ಚುಕ್ಕಿಗಳ ಮೇಲೆ ಮೆತ್ತಗೆ ಕೂತುಕೊಂಡಿತು.

ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. "ಸುಷ್ಮಾ, ನಾನ್ ಹೇಳಿದ್ನ ಹಂಗೇ ಹೇಳು ಇವ್ರಿಗೆ. ನೀವು ಚಪ್ಪಾಳೆ ಹೊಡೀತಿರೋದು ಯಾತಕ್ಕೆ? ನಿಮ್ಮ ಗೆರೆ ಸರಿಹೋಯ್ತು ಅಂತ. ಆ ಗೆರೆ ಸರಿಯಿಲ್ಲದೆ ಇದ್ದಷ್ಟು ದಿನ ನಮ್ಮನೆಯೋರು ಬಾಗ್ಲು ಹಿಡ್ಕಂಡು ನಿಂತಿದ್ರು. ಇವ್ಳು ಸುಳ್ಳು ಬರೆದವ್ಳೆ ಅಂತ ತೀರ್ಮಾನ ಮಾಡಕ್ಕೆ ನಿಮ್ಗೆ ಒಂದು ಗಳಿಗೆ ಸಾಕಾಯ್ತು. ಫೋನ್ ಮಾಡಿ, ತಾಯಿ, ಹೆಂಗ್ ಕೊಡ್ತೀಯಾ ಅಂತ ಕೇಳಕ್ಕೆ ಪುರುಸೊತ್ತಾಗ್ಲಿಲ್ಲ. ಕರುಳಿನ ಬಾಗ್ಲ ತನಕ ಹೋಗಿ ಇಣುಕ್ದೋರು, ನಮ್ಮನೆ ಬಾಗ್ಲಿಗೆ ಬರ್ಲಿಲ್ಲ."

ಸುಷ್ಮಾ ಇಂಗ್ಲಿಷಿನಲ್ಲಿ ಎರಡು ಸಾಲು ಹೇಳಿದಳು.

"ಅಷ್ಟುದ್ದ ಹೇಳಿದ್ದಕ್ಕೆ ಇಷ್ಟೇನಾ? ನಂಗೂ ಇಂಗ್ಲಿಷ್ ಒಸಿ ಬತ್ತದೆ. ಪೂರ್ತಿ ಹೇಳು."

ಪೂರ್ತಿ ಹೇಳಿದಳು. ಹೆನ್ರಿಕ್‌ನ ಕಿವಿಗಳು ಕೆಂಪಾದವು. ಕಂಪ್ಯೂಟರಿನ ಹತ್ತಿರ ಹೋಗಿ ಕೆಂಪಕ್ಷರಗಳನ್ನು ಒಂದೊಂದಾಗಿ ಅಳಿಸಿದ. ತಪ್ಪಾಯಿತು ಎಂದ. ಇನ್ನೇನು ಮಾಡಬೇಕು ಎಂದು ಕೇಳಿದ.

ಫಾರಂ ತರಿಸಿದೆ. ಮೂರು ಚೌಕಗಳ ಕೆಳಗೆ ಇನ್ನೊಂದು ಚೌಕ ಸೇರಿಸುತ್ತೇವೆ ಎಂದರು. ಚೌಕ ಬೇಡ ಎಂದೆ. ನಮ್ಮ ಮನೆ ಚೌಕದೊಳಗೆ ಹಿಡಿಸಲಿಲ್ಲ ಎಂಬುದನ್ನು ಈಗ ತಾನೇ ನೋಡಿದಿರಲ್ಲ. ಐದು ಖಾಲಿ ಗೆರೆ ಬಿಡಿ. ಮೇಲೆ ಕನ್ನಡದಲ್ಲಿ ನಾನೇ ಬರೆದುಕೊಟ್ಟೆ: ಮಾತ್ರೆಯನ್ನು ಹೇಗೆ ಕೊಡುತ್ತೀರಿ, ಮೊದಲಿನಿಂದ ಕೊನೆಯವರೆಗೆ ಹೇಳಿ.

ಆರನೇ ದಿನ, ಫೋನು

ಕೇಳದೆ ಏನನ್ನೂ ಬದಲಿಸಬಾರದು ಎಂದು ಸುಷ್ಮಾ ನಾಲ್ಕನೇ ದಿನವೇ ವೈದ್ಯೆಯಾಗಿರುವ ತನ್ನ ಗೈಡಿಗೆ ಫೋನು ಮಾಡಿದ್ದಳು. ಅವರು ರತ್ನಳಿಗೆ ವೀಡಿಯೋದಲ್ಲಿ ಎಲ್ಲ ತಿಳಿಸಿದರು. ಎದ್ದ ಕೂಡಲೇ ಮಾತ್ರೆ, ಗದ್ದ ತಗ್ಗಿಸಿ, ಸ್ವಲ್ಪ ಸ್ವಲ್ಪ ನೀರು. ಮುದ್ದೆ ಮುಕ್ಕಾಲು ಗಂಟೆ ಬಿಟ್ಟು. ಐದನೇ ದಿನ ಎಂಟೂ ಐವತ್ತಕ್ಕೆ ಕಾಲು ಬಿಟ್ಟಿತು ಎಂದು ರತ್ನ ಬರೆದು ಕಳಿಸಿದಳು. ನಾನು ನಂಬಲಿಲ್ಲ. ಇವಳು ಅಂದಾಜಿನಲ್ಲಿ ಬರೆದಿರಬೇಕು ಎಂದುಕೊಂಡೆ, ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಆರನೇ ದಿನ ಅವಳೇ ಫೋನು ಮಾಡಿದಳು. ಗಾಬರಿಯ ಧ್ವನಿ.

"ಅತ್ಗೆ, ಅಣ್ಣ ಕಾಣ್ತಾ ಇಲ್ಲ! ಮಾತ್ರೆ ಕೊಟ್ಟು, ಹಸಾ ಕಟ್ಟಿ ಬರೋ ಹೊತ್ಗೆ ಒಳಗೂ ಇಲ್ಲ, ಜಗಲೀಲೂ ಇಲ್ಲ!"

ಅಲ್ಲಿ ಇನ್ನೂ ನಸುಕು, ನಿದ್ದೆ ಬಾರದೆ ಸಮುದ್ರದ ದಂಡೆಗೆ ಬಂದು ನಿಂತಿದ್ದೆ, ಅಲ್ಲಿಂದಲೇ ಬೀದಿಗೆ ಹೋಗಿ ಹುಡುಕು ಎಂದು ಕೂಗಿದೆ. ಹತ್ತು ನಿಮಿಷ ಕಳೆದು ಮತ್ತೆ ಫೋನು. ಈ ಸಲ ಯಜಮಾನರೇ. ಹಿಂದೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು.

"ಎಲ್ಲಿದ್ದೀರಿ?"

"ಬಸ್‌ಸ್ಟ್ಯಾಂಡು. ಗಾಡಿ ಸ್ಟಾರ್ಟಾಯ್ತು ಕಣೇ. ಆಫಾಗೋದ್ರೊಳಗೆ ಒಂದು ಟ್ರಿಪ್ ಹೊಡ್ಕಂಡ್ ಬರುವಾ ಅಂತ ಬಂದ್ಬುಟ್ಟೆ." ಹಾರನ್ನು ನಿಂತ ಮೇಲೆ, "ಮುದ್ದೆ ಇನ್ನೂ ಉಂಡಿಲ್ಲ. ಹಸೀತೈತೆ" ಎಂದರು.

ಮರಳಿ

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಕೆಲವು ದಿನ ಈಗಲೂ ಹೊಸ್ತಿಲಲ್ಲಿ ನಿಲ್ಲುತ್ತಾರೆ. ಆದರೆ ನೋಟ್‌ಬುಕ್ಕಿನಲ್ಲಿ ಹತ್ತು ಗಂಟೆ ಎಂಬುದು ಅಪರೂಪವಾಗಿದೆ.

ಊರಿಗೆ ಬಂದು ಎರಡನೇ ವಾರ ದೊಡ್ಡಾಸ್ಪತ್ರೆಗೆ ಹೋಗುವ ಸರದಿ ಬಂತು. ಅದೇ ಕೋಣೆ, ಹೊರಗೆ ಅದೇ ಉದ್ದದ ಸಾಲು. ಡಾಕ್ಟರು ಚೀಟಿಯ ಮೇಲೆ ಪೆನ್ನು ಇಟ್ಟುಕೊಂಡೇ ಕೇಳಿದರು, "ಬೆಳಗ್ಗೆ ಹೇಗಿದ್ದಾರೆ?" ಅರ್ಧ ಮಾತ್ರೆ ಹೆಚ್ಚಿಸಲು ಕೈ ಆಗಲೇ ಓಡುತ್ತಿತ್ತು.

ನಾನು ಅಂಗೈಯನ್ನು ಚೀಟಿಯ ಮೇಲೆ ಇಟ್ಟೆ.

"ಅದನ್ನ ಆಮೇಲೆ ಕೇಳಿ ಸಾರ್. ಮಾತ್ರೆ ಹೆಂಗ್ ಕೊಡ್ತೀಯಾ ಅಂತ ಮೊದ್ಲು ಕೇಳಿ."

ಡಾಕ್ಟರು ತಲೆಯೆತ್ತಿದರು. ಆರು ವರ್ಷದಲ್ಲಿ ಅವರ ಕಣ್ಣು ಯಾವ ಬಣ್ಣ ಎಂದು ಅವತ್ತೇ ನೋಡಿದ್ದು. ಬಾಗಿಲ ಹತ್ತಿರ ನರ್ಸಮ್ಮ "ಬೇಗ ಬೇಗ" ಎಂದು ಕೈ ಮಾಡುತ್ತಿದ್ದಳು. ಯಜಮಾನರು ನನ್ನ ಸೆರಗು ಜಗ್ಗಿದರು.

"ಹೇಗೆ ಕೊಡ್ತೀರಮ್ಮ?" ಎಂದರು ಡಾಕ್ಟರು.

ಕುರ್ಚಿ ಎಳೆದುಕೊಂಡು ಕೂತೆ. ಎಸರಿಗೆ ನೀರಿಡುವುದರಿಂದ ಶುರು ಮಾಡಿದೆ.